ಗೆದ್ದಲಿಗೆ ತಕ್ಕ ಪುಸ್ತಕ

ಮಕ್ಕಳ ವಿಭಾಗದ ಗ್ರಂಥಪಾಲಕಿಗೆ ಒಂದು ಅಭ್ಯಾಸವಿತ್ತು. ಮಾಯಾಲೋಕದ ಕಥೆ ಯಾವುದೇ ಬರಲಿ, ಕಪಾಟಿಗೆ ಏರಿಸುವ ಮುಂಚೆ ತಾನೇ ಪೂರ್ತಿ ಓದಿ, ಹಿಂದಿನ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದಳು: 'ಸಾವು ಎರಡು. ಕತ್ತರಿಸಿದ ಕೈ ಒಂದು. ಹನ್ನೆರಡು ತುಂಬಿದವರಿಗೆ.'

"ಏನ್ ಮೇಡಂ, ಪೋಸ್ಟ್‌ಮಾರ್ಟಂ ಮುಗೀತಾ?" ಎಂದು ಮುದಿ ಅಟೆಂಡರ್ ನಗುತ್ತಿದ್ದ.

ಅವಳ ಈ ಲೆಕ್ಕಾಚಾರಕ್ಕೆ ಸಿಕ್ಕದೆ ಹೋದವಳು ಎಂಟು ವರ್ಷದ ಒಬ್ಬ ಹುಡುಗಿ. ಪುಸ್ತಕ ಕೊಟ್ಟರೆ ರಟ್ಟು ಮಾತ್ರ ಉಳಿಸುತ್ತಾಳೆ ಎಂದು ಗ್ರಂಥಪಾಲಕಿ ಅವಳಿಗೆ 'ಗೆದ್ದಲು' ಎಂದು ಹೆಸರಿಟ್ಟಿದ್ದಳು. ಎಂಟು ವರ್ಷದವರ ಪುಸ್ತಕವನ್ನು ಗೆದ್ದಲು ನಿಂತ ನಿಲುವಿನಲ್ಲೇ ಮುಗಿಸಿ ವಾಪಸು ಕೊಡುತ್ತಿತ್ತು. ಹದಿನಾಲ್ಕರವರ ಪುಸ್ತಕ ಓದುವ ಶಕ್ತಿ ನಾಲಿಗೆಗೂ ಬುದ್ಧಿಗೂ ಇತ್ತು. ಆದರೆ ಅವುಗಳಲ್ಲಿ ಪುಟಕ್ಕೊಂದು ತಲೆ ಉರುಳುತ್ತಿತ್ತು. ಶಬ್ದ ಅರಗಿದ ಮಾತ್ರಕ್ಕೆ ಎಲ್ಲವೂ ಅರಗುತ್ತದೆಯೇ ಎಂದು ಗ್ರಂಥಪಾಲಕಿಗೆ ಅಳುಕು.

ಹದಿನೈದು ದಿನ ಹುಡುಕಿ ಕೊನೆಗೊಂದು ಪುಸ್ತಕ ಆರಿಸಿದಳು. ನಾನೂರು ಪುಟದ ದಪ್ಪ ಕಥೆ. ಗುಹೆಯಲ್ಲೊಬ್ಬ ರಾಕ್ಷಸ, ಅವನು ಕಿರುಚಿದರೆ ಪಾತ್ರೆಗಳು ಬಿರಿಯುತ್ತವೆ. ಒಂದು ದಿನ ಅವನು ಗೊರಕೆ ಹೊಡೆಯುವಾಗ ಅವನ ಮಗಳೇ ಅವನ ಜಡೆಯನ್ನು ಕಂಬಕ್ಕೆ ಕಟ್ಟಿ, ತಾಯಿಯ ಕೈ ಹಿಡಿದು ಹೊಳೆ ದಾಟುತ್ತಾಳೆ. ಸಾವಿಲ್ಲ, ಹನಿ ರಕ್ತವಿಲ್ಲ. ಮೂರು ಸಲ ಓದಿ ಖಾತ್ರಿ ಮಾಡಿಕೊಂಡೇ ಶನಿವಾರ ಗೆದ್ದಲಿನ ಕೈಗೆ ಕೊಟ್ಟಳು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಹುಡುಗಿಯ ಅಪ್ಪ ಬಂದ. ವೆಲ್ಡಿಂಗ್ ಅಂಗಡಿಯವನು, ಮೊಣಕೈವರೆಗೂ ಕಿಡಿ ಸಿಡಿದ ಸುಟ್ಟ ಚುಕ್ಕೆಗಳು. ಒಂದು ಕೈಯಲ್ಲಿ ಆ ಪುಸ್ತಕ, ಇನ್ನೊಂದರಲ್ಲಿ ಮಗಳ ಜಡೆ. ಹುಡುಗಿ ತುದಿಗಾಲಲ್ಲಿ ನಡೆಯುತ್ತಿದ್ದಳು.

"ಯಾವಳು ಇದನ್ನ ಕೊಟ್ಟೋಳು?" ಎಂದು ಪುಸ್ತಕವನ್ನು ಮೇಜಿಗೆ ಎಸೆದ. ಅದರ ಬೆನ್ನು ಮುರಿದಿತ್ತು. ಒಂದು ಮೂಲೆಯಲ್ಲಿ ಕಂದು ಕಲೆ ಒಣಗಿತ್ತು.

"ನಾನೇ. ಮೊದಲು ಮಗೂನ ಬಿಡಿ."

"ನನ್ನ ಮನೇಲಿ ಕೂತು ನನ್ನನ್ನೇ ರಾಕ್ಷಸ ಅಂತ ಓದ್ತಾಳೆ. ಕಂಬಕ್ಕೆ ಕಟ್ಟೋದು ಕೇಳಿ ಅವಳಮ್ಮ ಕಿಸಕ್ ಅಂತ ನಗ್ತಾಳೆ. ಅದೇ ಪುಸ್ತಕದಲ್ಲೇ ಅವಳಿಗೆ ಕೊಟ್ಟೆ ನೋಡು, ಹುಬ್ಬು ಹರಿದುಹೋಗೋ ಹಾಗೆ. ಈಗ ನಿನ್ನ ಸರದಿ."

ಗ್ರಂಥಪಾಲಕಿಯ ಕಣ್ಣು ಆ ಕಂದು ಕಲೆಯ ಮೇಲೆ ನಿಂತಿತು. ಏಟು ಬಂದದ್ದು ಕಾಣಲೇ ಇಲ್ಲ. ಕಪಾಟಿಗೆ ಬೆನ್ನು ಬಡಿಯಿತು, ಮೇಲಿನ ಸಾಲು ತಲೆಯ ಮೇಲೆ ಸುರಿಯಿತು. ಅಟೆಂಡರ್ ಓಡಿಬಂದು ಹಿಂದಿನಿಂದ ಅವನ ಸೊಂಟ ಹಿಡಿದ. ಅವನು ಮುದುಕನನ್ನು ಕೊಡವಿ ಎಸೆದು, ನೆಲಕ್ಕೆ ಬಿದ್ದ ಆ ಮುದುಕನ ಕನ್ನಡಕವನ್ನು ತುಳಿದ. ಆಮೇಲೆ ಗ್ರಂಥಪಾಲಕಿಯ ಎಡಗೈ ಹಿಡಿದು ತಿರುಚಿದ. ಒಣಕಡ್ಡಿ ಮುರಿದಂಥ ಸದ್ದು ಅವಳ ಕಿವಿಗೇ ಕೇಳಿಸಿತು.

ಆಗ ಗೆದ್ದಲು ಅಪ್ಪನ ಕೈಗೆ ಬಾಯಿ ಹಾಕಿ ಕಚ್ಚಿತು. ಅವನು ಕೂಗಿಕೊಂಡು ಮಗುವನ್ನು ಬೀಸಿ ಒಗೆದ. ಕಬ್ಬಿಣದ ಬೀರುವಿಗೆ ಮುಖ ಬಡಿದು ಹುಡುಗಿ ಕುಸಿದಳು. ಬಾಯಿ ತುಂಬ ರಕ್ತ.

ಪುಸ್ತಕಗಳು ಒರಗದಂತೆ ಸಾಲಿನ ಕೊನೆಗೆ ನಿಲ್ಲಿಸುವ ಕಬ್ಬಿಣದ ಆಸರೆ ಗ್ರಂಥಪಾಲಕಿಯ ಬಲಗೈಗೆ ಸಿಕ್ಕಿತು. ಹಿಂದೆ ಮುಂದೆ ನೋಡದೆ ಬೀಸಿದಳು. ಏಟು ಅವನ ಕಿವಿಯ ಮೇಲೆ ಬಿತ್ತು. ಅವನು ಮಂಡಿಯೂರಿ, ನೆಲಕ್ಕೆ ಕೈ ಊರಿದ. ಅಲ್ಲಿಗೆ ಅವನ ಆಟ ಮುಗಿದಿತ್ತು. ಆದರೆ ಅವಳ ಕೈ ನಿಲ್ಲಲಿಲ್ಲ. ತಲೆಗೊಂದು, ಹೆಗಲಿಗೊಂದು, ಬಿದ್ದವನ ಬೆನ್ನಿಗೆ ಇನ್ನೊಂದು. ಹಲ್ಲು ಕಚ್ಚಿ, ಏನನ್ನೋ ಬೈಯುತ್ತಾ ಹೊಡೆದಳು.

"ಸಾಕಮ್ಮಾ! ಸತ್ತೋಗ್ತಾನೆ, ಸಾಕು!" ಅಟೆಂಡರ್ ತೆವಳಿಕೊಂಡು ಬಂದು ಅವಳ ಕೈ ಹಿಡಿದ.

ಪೊಲೀಸರು ಬಂದರು. ಅವನ ತಲೆಗೆ ಹೊಲಿಗೆ ಬಿತ್ತು, ಅವನ ಮೇಲೆ ಕೇಸೂ ಬಿತ್ತು. ಇಷ್ಟು ವರ್ಷ ಬಾಯಿ ಬಿಡದಿದ್ದ ಹುಡುಗಿಯ ಅಮ್ಮ ಊದಿದ ಕಣ್ಣಲ್ಲೇ ಠಾಣೆಗೆ ಬಂದು ಹೇಳಿಕೆ ಕೊಟ್ಟು, ಮಗಳನ್ನು ಕರೆದುಕೊಂಡು ಬೇರೆ ಊರಿನ ಅಕ್ಕನ ಮನೆಗೆ ಹೊರಟುಹೋದಳು. ಗ್ರಂಥಪಾಲಕಿಯ ಕೈಗೆ ಪ್ಲಾಸ್ಟರ್ ಹಾಕಿದರು. ಬಂದವರೆಲ್ಲ, "ಒಳ್ಳೇ ಕೆಲಸ ಮಾಡಿದ್ರಿ, ಅಂಥೋನಿಗೆ ಹಾಗೇ ಆಗ್ಬೇಕು" ಎಂದು ಬೆನ್ನು ತಟ್ಟಿದರು. ಸುಳ್ಳೇಕೆ, ಅವಳಿಗೂ ಒಳಗೊಳಗೇ ಹೆಮ್ಮೆಯೆನಿಸಿತ್ತು.

ತಿಂಗಳಾದ ಮೇಲೆ ಹುಡುಗಿಯ ಅಮ್ಮ ಫೋನ್ ಮಾಡಿದಳು. "ಮೇಡಂ, ಹೇಳೋಕೆ ಬಾಯಿ ಬರ್ತಿಲ್ಲ. ಇವಳು ನಿದ್ದೇಲಿ ಬೆಚ್ಚಿ ಕಿರುಚ್ತಾಳೆ. ಕನಸಲ್ಲಿ ಬರೋದು ಅವರಪ್ಪ ಅಲ್ವಂತೆ. ನೀವಂತೆ."

ಗ್ರಂಥಪಾಲಕಿ ರಿಸೀವರ್ ಇಟ್ಟಳು. ಪುಸ್ತಕದಲ್ಲಿ ಒಂದು ಕತ್ತಿ ಮಿಂಚಿದರೂ ಆ ಮಗುವಿನ ಕಣ್ಣಿಗೆ ಬೀಳದಂತೆ ಕಾದವಳು ತಾನು. ಆ ಮಗುವಿನ ಎದುರಿಗೇ ಬಿದ್ದವನನ್ನು ರಕ್ತ ಬರುವಂತೆ ಬಡಿದವಳೂ ತಾನೇ.

ಭಾನುವಾರ ಬಸ್ಸು ಹತ್ತಿದಳು. ಹುಡುಗಿಯ ದೊಡ್ಡಮ್ಮನದು ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಬಾಗಿಲು ತೆರೆದ ದೊಡ್ಡಮ್ಮ "ಬನ್ನಿ" ಅಂದರೂ, ಹುಡುಗಿ ಅಮ್ಮನ ಹಿಂದೆ ಸರಿದು ಸೀರೆ ಬಿಗಿ ಹಿಡಿದಳು. ಮುಂದಿನ ಹಲ್ಲಿನ ಜಾಗ ಖಾಲಿಯಿತ್ತು. ಗ್ರಂಥಪಾಲಕಿ ಚೀಲದಲ್ಲಿದ್ದ ಪುಸ್ತಕಗಳನ್ನು ಹೊರಗೆ ತೆಗೆಯದೆ ನೆಲದ ಮೇಲೆ ಕೂತಳು.

ಹುಡುಗಿಯೇ ಮೊದಲು ಮಾತಾಡಿದಳು. "ಮಿಸ್, ಅಪ್ಪ ಆಗ್ಲೇ ಬಿದ್ದಿದ್ರಲ್ಲ. ಮತ್ತೆ ಮತ್ತೆ ಯಾಕೆ ಹೊಡೆದ್ರಿ?"

"ಮೊದಲನೇ ಸಲ ಹೊಡೆದದ್ದು ನಿನ್ನನ್ನ ಉಳಿಸೋಕೆ. ಆಮೇಲಿಂದು ಬರೀ ಸಿಟ್ಟು. ಸಿಟ್ಟಲ್ಲಿ ಕೈ ನಿಲ್ಲಿಸೋಕೆ ಆಗ್ಲಿಲ್ಲ. ಅದು ತಪ್ಪು ಮರೀ. ನನ್ನದೇ ತಪ್ಪು."

ಹುಡುಗಿಯ ಅಮ್ಮ ತಲೆ ಎತ್ತಿ ನೋಡಿದಳು. ಕೈ ಎತ್ತಿದವರು ತಪ್ಪಾಯಿತು ಎಂದದ್ದನ್ನು ಅವಳು ಇದೇ ಮೊದಲು ಕೇಳಿದ್ದು.

"ಅಪ್ಪಂಗೂ ಹಾಗೇ ಸಿಟ್ಟು ಬರ್ತಿತ್ತಾ?"

"ಬರ್ತಿತ್ತೇನೋ. ಆದ್ರೆ ಅವರು ಮಾರನೇ ದಿನಾನೂ ಹೊಡೀತಿದ್ರು, ಅಲ್ವಾ?"

ಹುಡುಗಿ ತಲೆಯಾಡಿಸಿದಳು. ಸೀರೆಯ ಹಿಡಿತ ಸಡಿಲವಾಯಿತು. ಕಣ್ಣು ಚೀಲದ ಕಡೆ ಹೋಯಿತು.

"ಅದ್ರಲ್ಲಿ ಏನಿದೆ?"

"ಮೂರು ಪುಸ್ತಕ. ನಿಂಗೇಂತ ಆರಿಸಿದ್ದು."

"ನೀವೇ ಆರಿಸ್ಬೇಡಿ ಮಿಸ್. ಯಾವ್ದ್ರಲ್ಲಿ ಏನೇನಾಗುತ್ತೆ ಅಂತ ಮೊದಲೇ ಹೇಳ್ಬಿಡಿ. ಯಾವ್ದು ಬೇಕು ಅಂತ ನಾನೂ ಅಮ್ಮನೂ ನೋಡ್ಕೋತೀವಿ."

ಗ್ರಂಥಪಾಲಕಿ ಒಂದೊಂದನ್ನೇ ತೆಗೆದು ಹೇಳಿದಳು. ಇದರಲ್ಲಿ ಒಬ್ಬ ಅಣ್ಣ ಸಾಯುತ್ತಾನೆ. ಇದರಲ್ಲಿ ಮಾಟಗಾತಿ ಕೊನೆಗೂ ಒಳ್ಳೆಯವಳಾಗುವುದಿಲ್ಲ. ಇದರಲ್ಲಿ ಯುದ್ಧವಿದೆ, ಓದಿದ ಮೇಲೆ ಅಳು ಬರುತ್ತದೆ. ತಾಯಿ ಮಗಳು ಗುಸುಗುಸು ಮಾತಾಡಿಕೊಂಡರು. ಅಣ್ಣ ಸಾಯುವ ಪುಸ್ತಕವನ್ನು ಇಟ್ಟುಕೊಂಡು, ಉಳಿದೆರಡನ್ನು ಹುಡುಗಿ ವಾಪಸು ತಳ್ಳಿದಳು.

ದೊಡ್ಡಮ್ಮ ಊಟಕ್ಕೆ ಎಬ್ಬಿಸಿದರು. ತಟ್ಟೆ ಹಾಕುವಾಗ ಗೆದ್ದಲು ಪ್ಲಾಸ್ಟರ್ ಹಾಕಿದ ಕೈಯ ಪಕ್ಕದಲ್ಲಿ, ಒಂದು ಮೊಳ ಜಾಗ ಬಿಟ್ಟು ಕೂತಿತು.

"ಮಿಸ್, ಒಂದೇ ಕೈಲಿ ನೀರು ಬಗ್ಗಿಸ್ಕೊಳ್ಳೋಕಾಗುತ್ತಾ?"

"ಕಷ್ಟ," ಎಂದಳು ಗ್ರಂಥಪಾಲಕಿ.

ಹುಡುಗಿ ಎರಡೂ ಕೈಯಲ್ಲಿ ತಂಬಿಗೆ ಎತ್ತಿ, ಚೆಲ್ಲದಂತೆ ಅವಳ ಲೋಟಕ್ಕೆ ನೀರು ತುಂಬಿದಳು.