ಹಲ್ಲಲ್ಲಿ ಕಚ್ಚಿದ ಮಣಿ

ನಮ್ಮ ಲಂಡನ್ನಿನ ಹೆಂಗಸರು ನಾಟಕಕ್ಕೆ ಹಾಕಿಕೊಂಡು ಹೋಗುವ ಕಪ್ಪು ಮುಖವಾಡಕ್ಕೆ ದಾರವಿಲ್ಲ. ಒಳಗಿನ ಮಣಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಕು. ಬಾಯಿ ತೆರೆದರೆ ಬೀಳುತ್ತದೆ. ಇದನ್ನು ಕಂಡುಹಿಡಿದವನು ಗಂಡಸೇ ಇರಬೇಕು.

ಆ ಮಧ್ಯಾಹ್ನ ನಾನು ಮಣಿ ಕಚ್ಚಿಕೊಂಡು ನನ್ನದೇ ನಾಟಕ ನೋಡುತ್ತಿದ್ದೆ. ಹೆಂಗಸು ಬರೆದದ್ದೆಂದರೆ ಕಂಪನಿಯವರು ಮುಟ್ಟುವುದಿಲ್ಲವೆಂದು ಅಕ್ಕನ ಗಂಡ ಆಂಬ್ರೋಸನ ಹೆಸರಿನಲ್ಲಿ ಕೊಟ್ಟಿದ್ದೆ. ಮುಂದಿನ ಬೆಂಚಿನಲ್ಲಿ ನನ್ನ ಗಂಡ ಗಿಲ್ಬರ್ಟ್ ಕೂತಿದ್ದ. ನಾನು ಜ್ವರ ಬಂದು ಮನೆಯಲ್ಲಿ ಮಲಗಿದ್ದೇನೆಂದು ನಂಬಿದ್ದ.

ಅವನು ತಿರುಗಿ ನಕ್ಕ. "ಏನಮ್ಮಾ ಮುಖವಾಡದೋಳೇ, ಒಂದ್ ಮಾತಾದ್ರೂ ಆಡು. ನನ್ನ ಹೆಂಡ್ತಿ ಬಾಯಿ ಮುಚ್ಚೋದೇ ಇಲ್ಲ, ನೀನು ನೋಡಿದ್ರೆ ತೆರೆಯೋದೇ ಇಲ್ಲ."

ಕೊನೆಯ ಅಂಕದಲ್ಲಿ ನಟಿ ಮಾತು ಮರೆತು ನಿಂತುಬಿಟ್ಟಳು. ಜನ ಸಿಳ್ಳೆ ಹೊಡೆದರು, ಕಿತ್ತಳೆ ಸಿಪ್ಪೆ ಎಸೆದರು. ಇವತ್ತು ಬಿದ್ದ ನಾಟಕ ನಾಳೆ ಏಳುವುದಿಲ್ಲ. ರಂಗದ ಅಂಚಿನಲ್ಲಿ ಆಂಬ್ರೋಸ್ ಪಿಳಿಪಿಳಿ ಕಣ್ಣು ಬಿಡುತ್ತಿದ್ದ. ನಾಟಕ ಓದಿದ್ದರೆ ತಾನೇ ಮುಂದಿನ ಮಾತು ಗೊತ್ತಿರುವುದು. ಎರಡು ವರ್ಷ ಕದ್ದು ಬರೆದದ್ದು ಕಣ್ಣೆದುರೇ ಸಾಯುತ್ತಿತ್ತು. ನಾನು ಮಣಿ ಉಗುಳಿದೆ.

"ನೀವು ನನ್ನ ಮುಖ ನೋಡಿ ಎಷ್ಟು ವರ್ಷ ಆಯ್ತು ಸ್ವಾಮಿ?" ಎಂದು ಅವಳು ಮರೆತ ಮಾತನ್ನು ಕೂಗಿದೆ.

ನಟಿ ಆ ಮಾತನ್ನೇ ಹಿಡಿದು ಮುಂದುವರಿದಳು. ಚಪ್ಪಾಳೆ ಬಿತ್ತು. ಆಂಬ್ರೋಸ್ ಬಾಗಿ ನಮಸ್ಕರಿಸಿದ. ಗಿಲ್ಬರ್ಟ್ ಬಿಳಿಚಿಕೊಂಡು, ಕೆಳಗೆ ಬಿದ್ದ ಮುಖವಾಡ ಎತ್ತಿಕೊಟ್ಟ.

"ಹಾಕ್ಕೋ," ಎಂದ. "ನಾನು ಹೇಳೋವರೆಗೂ ತೆಗೀಬೇಡ."

ಮನೆಗೆ ಬಂದು ವಾರವಾಯಿತು. ಅವನು ಇನ್ನೂ ಹೇಳಿಲ್ಲ.