ಹೊಟ್ಟೆಯ ಕಡೆಯ ಹೊಲಿಗೆ

"ನಾನು ಹೊಲಿದ ಬಟ್ಟೆ ಹಕ್ಕಿ ಒಂದು, ದಾರ ಕಡಿಯೋಷ್ಟರಲ್ಲಿ ರೆಕ್ಕೆ ಬಡಿದು ಕಿಟಕಿಯಿಂದ ಹಾರಿಹೋಯ್ತು. ಅದಕ್ಕೇ ಈ ಬಳೆ ಒಂದು ಕಡೆ ವಾಲಿರೋದು."

ಟೀಚರಮ್ಮ ತಲೆಯೆತ್ತಿ ಎಣಿಸಿದರು. ಮಗಳ ಫ್ರಾಕಿನ ಅಂಚು ಬಿಚ್ಚಿ ಉದ್ದ ಮಾಡಿಸಲು ಬಂದವರು ಅವರು. ನನ್ನ ಕತ್ತರಿಮೇಜಿನ ಮೇಲೆ ಅಗಲವಾದ ಮರದ ಬಳೆಯೊಂದು ತೂಗುತ್ತದೆ. ಅದಕ್ಕೆ ಹನ್ನೆರಡು ದಾರ, ಹನ್ನೊಂದು ಹಕ್ಕಿ. ಎಲ್ಲವೂ ಮೇಜಿನ ಕೆಳಗೆ ಬಿದ್ದ ಚೂರುಬಟ್ಟೆಯವು.

"ಹಾರಿದ್ದು ಯಾವ ಬಣ್ಣದ್ದು ಮಾಸ್ಟ್ರೇ?"

"ನೀಲಿ. ನಿಮ್ಮ ಹಳೇ ಕೋಟಿನ ತುಂಡು. ಅದಕ್ಕೇ ಅಷ್ಟು ಶಿಸ್ತಾಗಿ ಹಾರ್ತು."

ಅವರು ನಕ್ಕರು. ನಕ್ಕ ಗಿರಾಕಿಯನ್ನು ನಾನು ಬಿಡುವವನಲ್ಲ. ನನ್ನ ಕೈಹೊಲಿಗೆ ಇರುವೆಗೂ ಕಾಣದೆಂದೂ, ಹುಡುಕಲು ಹೋದ ಇರುವೆಗಳಿಗೆಲ್ಲ ಕನ್ನಡಕ ಬಂದಿದೆಯೆಂದೂ ಹೇಳಿದೆ. ಪರದೆಯ ಹಿಂದೆ ಇಸ್ತ್ರಿ ಮಾಡುತ್ತಿದ್ದ ನಾದಿನಿ ಕೆಮ್ಮಿದಳು. ಅವಳ ಕೆಮ್ಮಿಗೆ ಅರ್ಥವಿರುತ್ತದೆ. ನಾನು ಕೇಳಿಸದವನಂತೆ ಮುಂದುವರಿದೆ.

ಈ ಹಕ್ಕಿಗಳನ್ನು ಹೊಲಿದಾಗ ಹೆಂಡತಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿ ಐದು ತಿಂಗಳಾಗಿತ್ತು. ಅಂಗಾತ ಮಲಗಿರುತ್ತಿದ್ದಳು. ಒಂದು ಬೆಳಿಗ್ಗೆ ಅರ್ಧ ಬಾಯಲ್ಲಿ ಹೇಳಿದಳು: "ರೀ... ಮೇಲೆ... ಏನೂ ಇಲ್ಲ." ನಿಜವೇ. ಸುಣ್ಣ ಬಳಿದ ಚಾವಣಿ, ಒಂದು ಖಾಲಿ ಕೊಕ್ಕೆ, ಅಷ್ಟೇ.

"ಇಡೀ ಕಾಡನ್ನೇ ತಂದು ಕಟ್ತೀನಿ ಕಣೇ," ಎಂದೆ.

ಹಕ್ಕಿಯ ಮೈಯನ್ನು ಮೆಷಿನ್ನಿನಲ್ಲಿ ಹೊಲಿಯಬಹುದು. ಆದರೆ ಮಗುಚಿ ಹತ್ತಿ ತುಂಬಿದ ಮೇಲೆ ಬಿಟ್ಟ ಬಾಯಿಯನ್ನು ಮುಚ್ಚಲು ಕೈಹೊಲಿಗೆಯೇ ಬೇಕು. ಅಕ್ಕನ ಆರೈಕೆಗೆ ಬಂದಿದ್ದ ನಾದಿನಿ ಮೊದಲನೆಯದನ್ನು ಎತ್ತಿ ನೋಡಿದಳು.

"ಭಾವ, ಇದು ಹಕ್ಕಿನೋ ಆಲೂಗಡ್ಡೆನೋ?"

"ಹಾರೋ ಆಲೂಗಡ್ಡೆ. ನಿಂಗೇನು ಗೊತ್ತು?"

"ಅಲ್ಲ, ಹೊಲಿಗೆ ಹಲ್ಲು ಕಿರೀತಿದೆಯಲ್ಲ."

"ಹೊಟ್ಟೆ ಕಡೆ ಬರುತ್ತೆ ಬಿಡೇ. ಹೊಟ್ಟೆ ಯಾರು ನೋಡ್ತಾರೆ?"

ದರ್ಜಿಯ ಲೆಕ್ಕ ಅದು. ಕೆಟ್ಟ ಹೊಲಿಗೆ ಕೆಳಗೆ, ಕಾಣದ ಕಡೆಗೆ. ಹನ್ನೆರಡನ್ನೂ ಹಾಗೇ ಮುಗಿಸಿ ಕೊಕ್ಕೆಗೆ ತೂಗುಹಾಕಿ, ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಕಣ್ಣೇ ಅವಕ್ಕೆ ತಗುಲೀತೆಂಬಷ್ಟು ಚೆಂದ.

"ನನ್ನವಳು ನೋಡಿ ಎಷ್ಟು ನಕ್ಕಳು ಗೊತ್ತಾ ಟೀಚರಮ್ಮ? ಆ ಗಾಳಿಗೇ ನೀಲಿ ಹಕ್ಕಿ..."

"ಭಾವ, ಸಾಕು." ಪರದೆ ಸರಿಯಿತು. ಇಸ್ತ್ರಿಪೆಟ್ಟಿಗೆ ಇನ್ನೂ ಅವಳ ಕೈಯಲ್ಲೇ ಇತ್ತು. "ಅಕ್ಕನ್ನ ಯಾಕೆ ಸುಳ್ಳಿಗೆ ಎಳೀತೀರಿ? ನೀಲಿ ಹಕ್ಕಿ ಎಲ್ಲಿದೆ ಅಂತ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಟೀಚರಮ್ಮ ಫ್ರಾಕನ್ನು ಎದೆಗೊತ್ತಿಕೊಂಡು ನಿಂತರು. ನಾನು ಟೇಪನ್ನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.

ಹೆಂಡತಿ ನಕ್ಕದ್ದು ನಿಜ. ಬಾಯಿಯ ಎಡಮೂಲೆ ಮಾತ್ರ. ಆಮೇಲೆ ಅವಳ ಎಡಗೈ ಎದ್ದು, ಹೆಬ್ಬೆರಳು ತೋರುಬೆರಳು ಸೂಜಿ ಹಿಡಿದಂತೆ ಕೂಡಿಕೊಂಡವು. ಆಗ ಹೊಳೆಯಿತು. ಅಂಗಾತ ಮಲಗಿದವಳಿಗೆ ಹಕ್ಕಿಯಲ್ಲಿ ಹೊಟ್ಟೆಯಲ್ಲದೆ ಬೇರೇನೂ ಕಾಣುವುದಿಲ್ಲ. ನನ್ನ ಹನ್ನೆರಡು ಸೊಟ್ಟ ಹೊಲಿಗೆಗಳನ್ನು, ಅವುಗಳನ್ನಷ್ಟೇ, ಅವಳ ಕಣ್ಣ ಮೇಲೆ ತೂಗುಹಾಕಿದ್ದೆ.

ನಾಚಿಕೆಯಾಯಿತು. ಏಣಿ ಹತ್ತಿ ಬಳೆ ಇಳಿಸಿದೆ.

"ಬೇಡ... ಇರ್ಲಿ..." ಎಂದಳು.

"ಎಲ್ಲಾ ಬಿಚ್ಚಿ ಸರಿಯಾಗಿ ಹಾಕ್ತೀನಿ. ನಾಲ್ಕು ದಿನ ತಡ್ಕೋ."

ನಾದಿನಿಯೂ ಅಂದಳು, "ಕೇಳ್ತಿದಾಳಲ್ಲ ಭಾವ, ಹಾಗೇ ಹಾಕ್ಬಿಡಿ." ನಾನು ಹಾಕಲಿಲ್ಲ. ಹೆಂಡತಿಯ ಕಣ್ಣು ಮಾತ್ರ ದಿನವೂ ಕೊಕ್ಕೆಯ ಕಡೆಗೇ ಹೋಗುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ನಾನು ನೀಲಿ ಹಕ್ಕಿಯ ಹೊಲಿಗೆ ಬಿಚ್ಚಿ ಕೂತಿದ್ದಾಗ ನಾದಿನಿ ಒಳಗಿನಿಂದ ಕೂಗಿದಳು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಕಣ್ಣು ತೆರೆದೇ ಇತ್ತು. ಮೇಲೆ ಏನೂ ಇರಲಿಲ್ಲ.

"ಹಾರಿಹೋಗಲಿಲ್ಲ ಟೀಚರಮ್ಮ," ಎಂದೆ. "ಬಾಯಿ ಮುಚ್ಚದೆ ಇದ್ದ ಹಾಗೇ, ಹತ್ತಿ ಈಚೆ ಬಂದ ಹಾಗೇ, ಅವಳ ಎಡಗೈಯಲ್ಲಿಟ್ಟು ಕಳಿಸ್ಕೊಟ್ಟೆ."

ಟೀಚರಮ್ಮ ಫ್ರಾಕನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಅಂದರು: "ಅಂಚಿನ ಹೊಲಿಗೆ... ಮೊದಲಿನ ಹಾಗೇ ಇರ್ಲಿ ಮಾಸ್ಟ್ರೇ. ನೀವು ಕೈಯಲ್ಲಿ ಹಾಕ್ತಿದ್ರಲ್ಲ, ಆ ಥರ."

ಫ್ರಾಕನ್ನು ತಿರುಗಿಸಿದೆ. ಒಳಗಿನ ಅಂಚಿನಲ್ಲಿ ಹೋದ ವರ್ಷದ ಹೊಲಿಗೆ. ಕನ್ನಡಕ ಹಾಕಿ ಹುಡುಕಿದರೂ ನನಗೆ ಕಾಣಲಿಲ್ಲ. ಬೆರಳಿಗೆ ಮಾತ್ರ ಸಿಕ್ಕಿತು.

"ಮೂವತ್ತು ವರ್ಷ ಈ ಅಂಗಡಿಯ ಕೈಹೊಲಿಗೆಯೆಲ್ಲ ಅವಳದ್ದು," ಎಂದೆ. "ನಂಗೆ ಬರೋದು ಅಲ್ಲಿ ತೂಗ್ತಿದೆಯಲ್ಲ, ಅಷ್ಟೇ."

ಫ್ಯಾನಿನ ಗಾಳಿಗೆ ಬಳೆ ವಾಲಿಕೊಂಡೇ ಒಂದು ಸುತ್ತು ತಿರುಗಿತು. ಹನ್ನೆರಡನೆಯ ದಾರ ಉಳಿದವುಗಳಿಗಿಂತ ತುಸು ಮೇಲೆ ತೇಲುತ್ತಿತ್ತು.