ಹಡಗು ಹತ್ತದ ಸೇನೆ

ಸಾಮ್ರಾಜ್ಯ ಕಟ್ಟುವ ಆ ಆಟದಲ್ಲಿ ಕಂಪ್ಯೂಟರ್ ಆಡಿಸುವ ಶತ್ರುರಾಜನನ್ನು ಆರು ವರ್ಷ ಸಾಕಿದವಳು ಅಕ್ಕ. ರಾಜ ದಡ್ಡ ಎಂದು ಆಟಗಾರರು ದೂರಿದಾಗಲೆಲ್ಲ ಅವನ ಕಣಜಕ್ಕೆ ಗುಟ್ಟಾಗಿ ಇನ್ನಷ್ಟು ಧಾನ್ಯ ಸುರಿಯುತ್ತಿದ್ದಳು. ರಾಜ ಬಲಿಯುತ್ತಿದ್ದ, ಬುದ್ಧಿ ಮಾತ್ರ ಬಲಿಯುತ್ತಿರಲಿಲ್ಲ.

ಆ ಆಟ ತಯಾರಿಸುವ ಕಂಪನಿಗೆ ತಂಗಿಯನ್ನು ಸೇರಿಸಿದವಳೂ ಅಕ್ಕನೇ. ತಂಗಿ ಮೊದಲ ತಿಂಗಳು ಪ್ರೋಗ್ರಾಮಿನ ಒಂದು ಸಾಲೂ ಬರೆಯಲಿಲ್ಲ. ಆಡುವವರ ಬೆನ್ನ ಹಿಂದೆ ನಿಂತು ನೋಡಿದಳು. ಆಮೇಲೆ ಅವಳು ಬರೆದ ರಾಜ ಬಿಟ್ಟಿ ಧಾನ್ಯ ಕೇಳಲಿಲ್ಲ. ನೀವು ಪಶ್ಚಿಮದ ಗಡಿಗೆ ಸೇನೆ ಕಳಿಸಿದರೆ ಅವನು ಹಡಗು ಹತ್ತಿ ಪೂರ್ವದ ಬಂದರಿಗೆ ಬಂದಿಳಿಯುತ್ತಿದ್ದ.

ಅವನೊಡನೆ ಆಡಿ ಸೋತ ಅಪ್ಪ ಊಟದ ಮೇಜಿನ ಮುಂದೆ ಕುಣಿದಾಡಿದರು. "ನಿನ್ನ ರಾಜನ್ನ ಪೇಪರ್ ಓದ್ತಾ ಓದ್ತಾನೇ ಸೋಲಿಸ್ತಿದ್ದೆ ಕಣಮ್ಮಾ," ಎಂದರು ದೊಡ್ಡವಳಿಗೆ. "ಇವಳ ರಾಜ ನನ್ನ ಬೆವರಿಳಿಸಿಬಿಟ್ಟ!"

ಅಕ್ಕ ನಕ್ಕಳು. ಆರು ವರ್ಷದಲ್ಲಿ ಅಪ್ಪ ಒಮ್ಮೆಯೂ ಹೀಗೆ ಸೋತಿರಲಿಲ್ಲ, ಸೋತು ಹೀಗೆ ಹಿಗ್ಗಿರಲಿಲ್ಲ. ಅಂದಿನಿಂದ ತಂಗಿಯ ಕೀಬೋರ್ಡಿನ ಸದ್ದು ಕೇಳಿದರೂ ಅಕ್ಕನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಳ್ಳುತ್ತಿತ್ತು.

ಹೊರಗಿನ ಹತ್ತು ಜನ ಆಟಗಾರರನ್ನು ಕರೆಸಿ ಹೊಸ ರಾಜನನ್ನು ಪರೀಕ್ಷಿಸುವ ದಿನ ಬಂತು. ಎಲ್ಲರಿಗಿಂತ ಮೊದಲು ಬಂದ ಅಕ್ಕ ಪರೀಕ್ಷೆಯ ಕೋಣೆಯ ಬೀಗ ತೆಗೆದು, ಹತ್ತೂ ಕಂಪ್ಯೂಟರುಗಳಲ್ಲಿ ತಂಗಿಯ ಪ್ರೋಗ್ರಾಮಿನ ಒಂದೇ ಒಂದು ಅಂಕಿ ಬದಲಿಸಿದಳು. ಅಂದು ತಂಗಿಯ ರಾಜನ ಸೇನೆ ಹಡಗು ಹತ್ತಲೇ ಇಲ್ಲ. ಬಸ್ಸಿಗೆ ಕಾಯುವವರ ಹಾಗೆ ದಡದಲ್ಲಿ ಸಾಲಾಗಿ ನಿಂತಿತ್ತು. ಆಟಗಾರರು ಬಿದ್ದು ಬಿದ್ದು ನಕ್ಕರು. ತಂಗಿಯ ಕಿವಿ ಕೆಂಪಾದವು. ಅಕ್ಕನಿಗೆ ಸಿಕ್ಕ ಖುಷಿ ಮಧ್ಯಾಹ್ನದವರೆಗೂ ಬಾಳಲಿಲ್ಲ.

"ಅಕ್ಕಾ, ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ಸ್ವಲ್ಪ ನೋಡ್ತೀಯಾ?" ಎಂದು ತಂಗಿಯೇ ಬಂದು ಕೇಳಿದಳು.

ತಪ್ಪು ಹುಡುಕುವ ನಾಟಕವಾಡುತ್ತ, ತಂಗಿ ಬರೆದದ್ದನ್ನು ಅಕ್ಕ ಮೊದಲ ಸಲ ಪೂರ್ತಿ ಓದಿದಳು. ಚೆನ್ನಾಗಿತ್ತು. ತನ್ನ ಕೈಲಿ ಆಗದಷ್ಟು ಚೆನ್ನಾಗಿತ್ತು. ಮೂರನೆಯ ದಿನ ತಡೆಯಲಾರದೆ ಹೇಳಿದಳು: "ನಾನೇ ಕಣೇ. ಅಂಕಿ ಬದಲಾಯಿಸಿದ್ದು ನಾನೇ."

"ಗೊತ್ತು," ಎಂದಳು ತಂಗಿ. "ಆವತ್ತು ಸಂಜೇನೇ ಸಿಕ್ತು. ಬೀಗದ ಕೈ ಇರೋದು ನಿನ್ನ ಹತ್ರ ಮಾತ್ರ. ನೀನಾಗೇ ಹೇಳ್ತೀಯೇನೋ ಅಂತ ಕಾದೆ."

"ಮ್ಯಾನೇಜರಿಗೆ ಹೇಳಿದ್ಯಾ?"

"ಅದನ್ನೂ ನೀನೇ ಹೇಳು."

ಅಕ್ಕ ಹೇಳಿದಳು. ಶತ್ರುರಾಜನ ಕೆಲಸ ಕೈತಪ್ಪಿತು. ಅವಳನ್ನು ಆಟದ ನಕ್ಷೆಯಲ್ಲಿ ನದಿ, ಬೆಟ್ಟ ಜೋಡಿಸುವ ಕೆಲಸಕ್ಕೆ ಹಾಕಿದರು. ಮರುಪರೀಕ್ಷೆಯಲ್ಲಿ ಹತ್ತರಲ್ಲಿ ಏಳು ಜನ ಸೋತು, ಇನ್ನೊಂದಾಟ ಕೊಡಿ ಎಂದು ಗೋಗರೆದರು. ಗೋಡೆಯಾಚೆಯಿಂದ ಆ ಗದ್ದಲ ಕೇಳಿ ಅಕ್ಕನ ಎದೆ ಮತ್ತೆ ಚುರ್ ಎಂದಿತು.

ತಿಂಗಳ ಮೇಲೆ ಅವಳೂ ಆ ರಾಜನೊಂದಿಗೆ ಆಡಿದಳು. ಮೂರು ಸಲ ಸೋತು ನಾಲ್ಕನೆಯ ಸಲ ಗೆದ್ದವಳು, ಅಷ್ಟೂ ದಿನ ತನ್ನೊಡನೆ ಮಾತು ಬಿಟ್ಟಿದ್ದ ತಂಗಿಯ ಮೇಜಿಗೆ ಹೋದಳು.

"ನಿನ್ನ ರಾಜ ದಂಡೆತ್ತಿ ಹೋದಾಗ ರಾಜಧಾನೀಲಿ ಕಾವಲಿಗೆ ಒಬ್ಬರನ್ನೂ ಬಿಡಲ್ಲ ಕಣೇ."

ತಂಗಿ ತಲೆಯೆತ್ತಲಿಲ್ಲ. ಪಕ್ಕದ ಖಾಲಿ ಕುರ್ಚಿಯನ್ನು ಕಾಲಿನಿಂದ ಈಚೆ ತಳ್ಳಿ, "ಹೇಗೆ ಗೆದ್ದೆ? ತೋರಿಸು," ಎಂದಳು.